ಸಕಲ ಸಂತರ ಹಬ್ಬದಂದು ನಡುಗಿದ ನಗರ

1755ರ ನವೆಂಬರ್ 1ನೇ ತಾರೀಖು ಶನಿವಾರವಾಗಿತ್ತು. ಅಂದು ಸಕಲ ಸಂತರ ಹಬ್ಬ. ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದ ದೇವಾಲಯಗಳೆಲ್ಲ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಭಕ್ತರಿಂದ ತುಂಬಿದ್ದವು. ಬಲಿಪೀಠಗಳ ಮೇಲೆ ಮೇಣದ ಬತ್ತಿಗಳು ಸಾಲು ಸಾಲಾಗಿ ಉರಿಯುತ್ತಿದ್ದವು. ಮನೆಗಳಲ್ಲಿ ಹಬ್ಬದ ಅಡುಗೆಗಾಗಿ ಒಲೆಗಳು ಹೊತ್ತಿಕೊಂಡಿದ್ದವು. ಸುಮಾರು ಎರಡು ಲಕ್ಷ ಜನರಿದ್ದ ಆ ನಗರ ಬ್ರೆಜಿಲಿನ ಚಿನ್ನದಿಂದ ಸಿರಿವಂತವಾಗಿತ್ತು. ಗೋವೆಯಿಂದ ಹೊರಟ ಹಡಗುಗಳು ಕೊನೆಗೆ ಲಂಗರು ಹಾಕುತ್ತಿದ್ದುದೂ ಅಲ್ಲಿಯೇ, ಟಾಗಸ್ ನದಿಯು ಸಮುದ್ರ ಸೇರುವ ಆ ರೇವಿನಲ್ಲಿ. ದೊರೆ ಮೊದಲನೆಯ ಜೊಸೆಯ ನೂತನ ನಾಟಕಶಾಲೆಗೆ ಬಾಗಿಲು ತೆರೆದು ಇನ್ನೂ ಏಳು ತಿಂಗಳಾಗಿತ್ತಷ್ಟೆ.

ಒಂಬತ್ತು ಗಂಟೆ ನಲವತ್ತು ನಿಮಿಷದ ಸುಮಾರಿಗೆ ಭಾರವಾದ ಬಂಡಿಗಳು ಕಲ್ಲುಹಾಸಿನ ಮೇಲೆ ಉರುಳುವಂಥ ಸದ್ದು ಕೇಳಿಬಂತೆಂದು ಬದುಕುಳಿದವರು ಬರೆದಿಟ್ಟಿದ್ದಾರೆ. ಮೊದಲಿಗೆ ಸಣ್ಣ ನಡುಕ, ತುಸು ಬಿಡುವು, ಅನಂತರ ಭೀಕರವಾದ ಕಂಪನ. ಬಿಟ್ಟು ಬಿಟ್ಟು ಬಂದ ಈ ಕಂಪನಗಳು ಒಟ್ಟಿನಲ್ಲಿ ಹಲವು ನಿಮಿಷಗಳ ಕಾಲ ನಗರವನ್ನು ಅಲ್ಲಾಡಿಸಿದವು. ಭೂಕಂಪಗಳಲ್ಲಿ ಅರ್ಧ ನಿಮಿಷವೇ ದೀರ್ಘ ಎನ್ನಿಸುತ್ತದೆ ಎಂಬುದನ್ನು ನೆನೆದರೆ ಈ 'ಹಲವು ನಿಮಿಷ'ದ ಅರ್ಥ ಆದೀತು. ಕಲ್ಲಿನ ಕಮಾನುಗಳೂ ಗೋಪುರಗಳೂ ಕಳಚಿ, ಕೆಳಗೆ ಮೊಣಕಾಲೂರಿದ್ದವರ ಮೇಲೆ ಬಿದ್ದವು. ಕಾರ್ಮೆಲ್ ಸಭೆಯ ಮಠದ ದೊಡ್ಡ ದೇವಾಲಯದ ಛಾವಣಿ ಅಂದು ಕುಸಿದದ್ದು ಮರಳಿ ಏಳಲೇ ಇಲ್ಲ. ಅದರ ಬರಿಯ ಕಮಾನುಗಳು ಆಕಾಶಕ್ಕೆ ತೆರೆದುಕೊಂಡು ಇಂದಿಗೂ ನಿಂತಿವೆ. ಕಂಪನ ಹುಟ್ಟಿದ್ದು ಪೋರ್ಚುಗಲ್ಲಿನ ನೈರುತ್ಯ ತುದಿಯಾಚೆ, ಅಟ್ಲಾಂಟಿಕ್ ಸಾಗರದ ತಳದಲ್ಲಿ. ಅದರ ಪ್ರಮಾಣ 8.5ನ್ನು ಮೀರಿತ್ತೆಂದು ಹಲವು ವಿಜ್ಞಾನಿಗಳ ಅಂದಾಜು. ದೂರದ ಸ್ಕಾಟ್ಲೆಂಡಿನ ಲೊಮಂಡ್ ಸರೋವರದ ನೀರು ಕೂಡ ಅಂದು ಕಾರಣ ತಿಳಿಯದೆ ಏರಿಳಿಯಿತು.

ಬದುಕಿದವರು ಏನು ಮಾಡಿದರು? ಬುದ್ಧಿವಂತರು ಮಾಡುವುದನ್ನೇ ಮಾಡಿದರು. ಬೀಳುವ ಗೋಡೆಗಳಿಂದ ದೂರವಾಗಿ ಬಯಲಿನತ್ತ ಓಡಿದರು. ಲಿಸ್ಬನ್ನಿನಲ್ಲಿ ದೊಡ್ಡ ಬಯಲೆಂದರೆ ಅರಮನೆಯ ಮುಂದಿನ ಚೌಕ ಹಾಗೂ ಅದಕ್ಕೆ ಹೊಂದಿಕೊಂಡ ನದೀದಂಡೆ. ಸಾವಿರಾರು ಮಂದಿ ಅಲ್ಲಿ ನೆರೆದರು. ಗುರುಗಳು ಅವರ ನಡುವೆ ನಡೆದಾಡುತ್ತ ಪಾಪವಿಮೋಚನೆ ನೀಡುತ್ತಿದ್ದರು. ಒಂದು ಗಂಟೆಯ ಆಸುಪಾಸಿನಲ್ಲಿ ಟಾಗಸ್ ನದಿಯ ನೀರು ಹಿಂದಕ್ಕೆ ಸರಿಯಿತು. ಹಿಂದೆಂದೋ ಮುಳುಗಿದ್ದ ಹಡಗುಗಳ ಅವಶೇಷ, ಕಳೆದುಹೋದ ಸರಕು ಕೆಸರಿನಲ್ಲಿ ಕಾಣಿಸಿತು. ಜನ ಬೆರಗಿನಿಂದ ನೋಡುತ್ತ ನಿಂತರು. ಹಿಂದೆ ಸರಿದ ನೀರು ಐದಾರು ಮೀಟರ್ ಎತ್ತರದ ಗೋಡೆಯಾಗಿ ತಿರುಗಿ ಬಂತು. ಒಂದಲ್ಲ, ಮೂರು ಅಲೆಗಳು. ಕಲ್ಲಿನಿಂದ ತಪ್ಪಿಸಿಕೊಂಡವರನ್ನು ನೀರು ಕೊಂಡೊಯ್ದಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬಲಿಪೀಠಗಳ ಮೇಲಿದ್ದ ಮೇಣದ ಬತ್ತಿಗಳು ಉರುಳಿ ಪರದೆಗಳಿಗೆ ತಗುಲಿದ್ದವು. ಅಡುಗೆಮನೆಯ ಕೆಂಡಗಳು ಕುಸಿದ ತೊಲೆಗಳ ಅಡಿ ಹೊಗೆಯಾಡುತ್ತಿದ್ದವು. ಮನೆ ಬಿಟ್ಟು ಓಡಿದವರು ಬೆಂಕಿ ಆರಿಸಲು ಹಿಂತಿರುಗಲಿಲ್ಲ. ಸಣ್ಣ ಸಣ್ಣ ಉರಿಗಳು ಕೂಡಿಕೊಂಡು ಐದಾರು ದಿನ ನಗರವನ್ನು ಸುಟ್ಟವು. ಸಕಲ ಸಂತರ ಹೆಸರನ್ನೇ ಹೊತ್ತಿದ್ದ ಅರಸು ಆಸ್ಪತ್ರೆಯಲ್ಲಿ, ಹಾಸಿಗೆ ಬಿಟ್ಟೇಳಲಾಗದ ನೂರಾರು ರೋಗಿಗಳು ಬೆಂದುಹೋದರು. ಅರಮನೆಯ ಎಪ್ಪತ್ತು ಸಾವಿರ ಸಂಪುಟಗಳ ಗ್ರಂಥಾಲಯ ಬೂದಿಯಾಯಿತು. ಆ ಹೊಸ ನಾಟಕಶಾಲೆಯೂ ಉಳಿಯಲಿಲ್ಲ. ಸತ್ತವರೆಷ್ಟು ಎಂಬುದರ ನಿಖರ ಲೆಕ್ಕ ಯಾರಲ್ಲೂ ಇಲ್ಲ. ಹತ್ತು ಸಾವಿರದಿಂದ ಐವತ್ತು ಸಾವಿರದವರೆಗೆ ಅಂದಾಜುಗಳಿವೆ. ಮೊರಾಕ್ಕೊ ದೇಶದ ಕರಾವಳಿಯಲ್ಲಿ ಸತ್ತವರು ಬೇರೆ.

ಭೂಕಂಪದ ಮುನ್ನ, ಭೂಕಂಪದ ವೇಳೆ, ಆನಂತರ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಕರಪತ್ರಗಳು ನಮ್ಮ ಶಾಲೆಗಳಿಗೂ ಬರುತ್ತವೆ. ಗೋಡೆಯ ಮೇಲೆ ಅಂಟಿಸುತ್ತೇವೆ, ಮರೆಯುತ್ತೇವೆ. ಆ ಕರಪತ್ರದ ಒಂದೊಂದು ಸಾಲಿನ ಹಿಂದೆಯೂ ಇಂಥ ಒಂದು ಮುಂಜಾನೆಯ ಮಣ್ಣೊಳಗೆ ಹೂತುಹೋದ ಜನರಿದ್ದಾರೆಂಬ ಅರಿವಿಲ್ಲದಿದ್ದರೆ ಸೂಚನೆಗಳು ಕೇವಲ ಬಾಯಿಪಾಠವಾಗುತ್ತವೆ. ಲಿಸ್ಬನ್ನಿನ ದುರಂತವನ್ನು ಹೀಗೆ ತುಸು ನಿಧಾನವಾಗಿ ಬಿಡಿಸಿ ನೋಡುವುದಕ್ಕೆ ಅದೇ ಕಾರಣ.

ಮೊದಲನೆಯದಾಗಿ ಕಂಪನದ ಆ ಕೆಲವು ಕ್ಷಣಗಳನ್ನು ತೆಗೆದುಕೊಳ್ಳೋಣ. ಲಿಸ್ಬನ್ನಿನಲ್ಲಿ ದೇವಾಲಯದೊಳಗಿದ್ದವರು ಮಾತ್ರವೇ ಸಾಯಲಿಲ್ಲ. ಹೊರಗೆ ಓಡಿದ ಅನೇಕರು ಇಕ್ಕಟ್ಟಾದ ಬೀದಿಗಳಲ್ಲಿ, ಎರಡೂ ಬದಿಯ ಎತ್ತರದ ಮನೆಗಳ ಮುಂಗೋಡೆಗಳು ಕಳಚಿ ಬಿದ್ದು ಸತ್ತರು. ನಮ್ಮ ದೇಶದಲ್ಲಿ 2001ರ ಜನವರಿ 26ರಂದು ಬೆಳಿಗ್ಗೆ ಗುಜರಾತಿನ ಕಛ್ ಪ್ರದೇಶ ನಡುಗಿದಾಗ, ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳೂ ಅವರ ಶಿಕ್ಷಕರೂ ಇಂಥದೇ ಇಕ್ಕಟ್ಟಾದ ಬೀದಿಯಲ್ಲಿ ಸಿಕ್ಕಿ ಮಡಿದರು. ಆಕಾಶ ಕಂಡೊಡನೆ ಅದು ಬಯಲಾಗುವುದಿಲ್ಲ. ಗಟ್ಟಿಯಾದ ಕಟ್ಟಡದ ಒಳಗಿರುವವನು ನಡುಕದ ಮಧ್ಯೆ ಮೆಟ್ಟಿಲಿಳಿದು ಓಡುವುದಕ್ಕಿಂತ ಅಲ್ಲಿಯೇ ನೆಲಕ್ಕೆ ಬಗ್ಗಿ, ಮೇಜಿನ ಅಡಿ ಸೇರಿ, ಅದರ ಕಾಲನ್ನು ಬಿಗಿಯಾಗಿ ಹಿಡಿದು, ತಲೆಯನ್ನೂ ಕುತ್ತಿಗೆಯನ್ನೂ ಕಾಪಾಡಿಕೊಳ್ಳಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ. ಗಾಜಿನ ಕಿಟಕಿ, ಬೀರು, ತೂಗುದೀಪಗಳಿಂದ ದೂರವಿರಬೇಕು. ಲಿಫ್ಟಿನ ಕಡೆ ಹೋಗಲೇಬಾರದು. ದೇವಾಲಯದಲ್ಲಿದ್ದರೆ ಬೆಂಚುಗಳ ನಡುವೆ ಕುಸಿದು ಕುಳಿತು ಕೈಗಳಿಂದ ತಲೆಯನ್ನು ಮುಚ್ಚಿಕೊಳ್ಳುವುದು ಲೇಸು. ಎಲ್ಲರೂ ಏಕಕಾಲಕ್ಕೆ ಮಹಾದ್ವಾರಕ್ಕೆ ನುಗ್ಗಿದರೆ ಕಟ್ಟಡ ಬೀಳದಿದ್ದರೂ ತುಳಿತದಿಂದಲೇ ಸಾವು ಸಂಭವಿಸೀತು. ಹೊರಗಿದ್ದವನು ಗೋಪುರ, ಕಾಂಪೌಂಡ್ ಗೋಡೆ, ವಿದ್ಯುತ್ ಕಂಬಗಳಿಂದ ದೂರ ಸರಿದು ನಿಲ್ಲಬೇಕು.

ಆದರೆ ಮೇಜಿನ ಅಡಿ ಸೇರಬೇಕೆಂಬ ಮಾತು ತಕ್ಕಮಟ್ಟಿಗೆ ಗಟ್ಟಿಯಾಗಿ ಕಟ್ಟಿದ ಮನೆಗೆ ಹೇಳಿದ್ದು. ಮಣ್ಣಿನ ಗಾರೆಯಲ್ಲಿ ಗುಂಡುಕಲ್ಲು ಕೂಡಿಸಿ ಎಬ್ಬಿಸಿದ ಗೋಡೆಯೂ ಮೇಲೆ ಅಡಿಗಟ್ಟಲೆ ಮಣ್ಣಿನ ಛಾವಣಿಯೂ ಇರುವ ಮನೆಯಲ್ಲಿ, ಬಾಗಿಲು ಎರಡು ಹೆಜ್ಜೆಯ ದೂರದಲ್ಲಿದ್ದು ಹೊರಗೆ ನಿಜವಾದ ಬಯಲಿದ್ದರೆ, ಮೊದಲ ನಡುಕದಲ್ಲೇ ಹೊರಬೀಳುವುದು ಬದುಕಿನ ದಾರಿಯಾಗಬಹುದು. ಯಾವ ಮನೆಯಲ್ಲಿ ಏನು ಮಾಡಬೇಕೆಂಬುದನ್ನು ಆ ಮನೆಯವರು ಮುಂಚೆಯೇ ಯೋಚಿಸಿಟ್ಟಿರಬೇಕು. ನೆಲ ನಡುಗುವಾಗ ಯೋಚಿಸಲು ವ್ಯವಧಾನವಿರುವುದಿಲ್ಲ.

ಇನ್ನು ನದೀದಂಡೆಯ ಸಂಗತಿ. ಅರಮನೆಯ ಚೌಕಕ್ಕೆ ಹೋದವರ ನಿರ್ಧಾರ ಭೂಕಂಪದ ಮಟ್ಟಿಗೆ ಸರಿಯಾಗಿತ್ತು, ಸಮುದ್ರದ ಮಟ್ಟಿಗೆ ಮೃತ್ಯುವಾಯಿತು. ಕರಾವಳಿಯಲ್ಲಿ ದೀರ್ಘವಾಗಿ, ನಿಂತುಕೊಳ್ಳಲಾಗದಷ್ಟು ಬಲವಾಗಿ ನೆಲ ನಡುಗಿದರೆ ಯಾರ ಎಚ್ಚರಿಕೆಗೂ ಕಾಯದೆ ಎತ್ತರದ ಜಾಗಕ್ಕೆ ಹೋಗಬೇಕೆಂಬ ನಿಯಮ ಈಗ ಎಲ್ಲೆಡೆ ಕಲಿಸಲ್ಪಡುತ್ತದೆ. ನೀರು ಹಿಂದೆ ಸರಿಯುವುದು ನೋಟವಲ್ಲ, ಕರೆಗಂಟೆ. ಮೊದಲ ಅಲೆ ಇಳಿದ ಮೇಲೆ ಮನೆ ನೋಡಲೆಂದು ಮರಳುವವರನ್ನು ಎರಡನೆಯದು ಕೊಲ್ಲುತ್ತದೆ. ನಮ್ಮ ಜನರಿಗೆ ಇದು ತಿಳಿದದ್ದು 2004ರ ಡಿಸೆಂಬರ್ 26ರ ಭಾನುವಾರ. ಸುಮಾತ್ರದ ಸಮುದ್ರದಲ್ಲಿ 9.1 ಪ್ರಮಾಣದ ಕಂಪನವಾದಾಗ ನಮ್ಮಲ್ಲಿ ಬೆಳಗಿನ ಆರೂವರೆ ಗಂಟೆ. ಅಲೆಗಳು ವೇಳಾಂಗಣ್ಣಿಯನ್ನು ಮುಟ್ಟಿದಾಗ ಒಂಬತ್ತು ದಾಟಿತ್ತು. ನಡುವಣ ಎರಡು ತಾಸಿಗೂ ಮೀರಿದ ಅವಧಿಯಲ್ಲಿ ಒಂದು ಮಾತೂ ದಡಕ್ಕೆ ಬರಲಿಲ್ಲ. ಕ್ರಿಸ್ತಜಯಂತಿಗೆಂದು ಬಂದ ಯಾತ್ರಿಕರು ಮರಳಿನ ಮೇಲಿದ್ದರು, ಸಮುದ್ರದ ಕಡೆಯ ಅಂಗಡಿಸಾಲಿನಲ್ಲಿದ್ದರು. ಪೂಜೆಗೆಂದು ಆರೋಗ್ಯಮಾತೆಯ ದೇವಾಲಯದೊಳಗಿದ್ದವರು ಉಳಿದರು, ಹೊರಗಿದ್ದ ನೂರಾರು ಮಂದಿ ಹೋದರು. ಲಿಸ್ಬನ್ನಿನಲ್ಲಿ ಒಳಗಿದ್ದವರು ಹೋಗಿದ್ದರು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು, ಯಾರು ಏಕೆ ಉಳಿದರೆಂಬುದಕ್ಕೆ ಅವಸರದ ಉತ್ತರ ಕೊಡಲಾರರು. ದೇವಾಲಯ ತುಸು ಎತ್ತರದಲ್ಲಿತ್ತು ಎಂಬುದು ಮಾತ್ರ ಅಳೆಯಬಹುದಾದ ಸಂಗತಿ.

ತಮಿಳುನಾಡಿನ ದಡದಲ್ಲಿ ಅಂದು ಎಚ್ಚರಿಸುವಷ್ಟು ನೆಲ ನಡುಗಿರಲೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಅಂಥ ಕಡೆ ಮೊಳಗಬೇಕಾದುದು ಬೇರೆಯ ಗಂಟೆ. ಹೈದರಾಬಾದಿನಲ್ಲಿ 2007ರಲ್ಲಿ ಆರಂಭವಾದ ಸುನಾಮಿ ಎಚ್ಚರಿಕಾ ಕೇಂದ್ರ ಅದಕ್ಕಾಗಿಯೇ ಇದೆ. ಅರಬ್ಬೀ ಸಮುದ್ರ ಸೌಮ್ಯವೆಂದು ನಮ್ಮ ಕರಾವಳಿಯವರು ನಂಬಿರುವುದುಂಟು. 1945ರ ನವೆಂಬರ್ 28ರಂದು, ಇಂದಿನ ಪಾಕಿಸ್ತಾನದ ಮಕ್ರಾನ್ ತೀರದಲ್ಲಿ ಎದ್ದ ಅಲೆಗಳು ಮುಂಬಯಿಯನ್ನು ಮುಟ್ಟಿದ್ದಲ್ಲದೆ ಕಾರವಾರದವರೆಗೂ ಕಾಣಿಸಿಕೊಂಡಿದ್ದವು.

ಲಿಸ್ಬನ್ನಿಗೆ ಮರಳೋಣ. ದೊರೆಯ ಕುಟುಂಬ ಅಂದು ನಸುಕಿನ ಪೂಜೆ ಮುಗಿಸಿ ನಗರದ ಹೊರಗಿನ ಬೆಲೆಮ್‌ಗೆ ಹೋಗಿತ್ತಾಗಿ ಜೀವ ಉಳಿಯಿತು. ಜೊಸೆ ದೊರೆ ಆಮೇಲೆ ಕಲ್ಲಿನ ಛಾವಣಿಯ ಕೆಳಗೆ ಮಲಗಲು ಒಪ್ಪಲೇ ಇಲ್ಲ. ಗುಡ್ಡದ ಮೇಲೆ ಗುಡಾರ, ಅನಂತರ ಮರದ ಅರಮನೆ. 1777ರಲ್ಲಿ ಸಾಯುವ ತನಕ ಅವನ ವಾಸ ಅಲ್ಲಿಯೇ. ಅರಸನೆಂದು ಜನ ಕಥೆ ಕಟ್ಟಿ ನಕ್ಕಿರಬಹುದು. ಭೂಕಂಪ ಕಂಡ ಊರುಗಳ ಮಕ್ಕಳು ವರ್ಷಗಟ್ಟಲೆ ಮನೆಯೊಳಗೆ ಮಲಗಲು ಅಂಜುವುದನ್ನು ಬಲ್ಲವರು ನಗುವುದಿಲ್ಲ.

ಆಡಳಿತದ ಭಾರ ಬಿದ್ದದ್ದು ಮಂತ್ರಿ ಸೆಬಾಸ್ತಿಯಾಂವ್ ಜೊಸೆ ದೆ ಕಾರ್ವಾಲ್ಯು ಎಂಬವನ ಮೇಲೆ. ಚರಿತ್ರೆ ಇವನನ್ನು ಪೊಂಬಾಲ್ ಎಂದು ಮುಂದೆ ಅವನಿಗೆ ದೊರೆತ ಬಿರುದಿನಿಂದ ಬಲ್ಲದು. ಈಗ ಮಾಡಬೇಕಾದುದೇನು ಎಂದು ದೊರೆ ಕೇಳಿದಾಗ, ಸತ್ತವರನ್ನು ಹೂಳುವುದು, ಉಳಿದವರಿಗೆ ಉಣಿಸುವುದು ಎಂಬರ್ಥದ ಉತ್ತರ ಕೊಟ್ಟನೆಂದು ಹೇಳುತ್ತಾರೆ. ಆ ಮಾತು ಬೇರೊಬ್ಬನದೆಂಬ ವಾದವೂ ಇದೆ. ಮಾತು ಯಾರದೇ ಇರಲಿ, ಕೆಲಸ ನಡೆಯಿತು. ಧಾನ್ಯದ ದಾಸ್ತಾನು ವಶಕ್ಕೆ ಬಂತು, ಬೆಲೆ ಏರಿಸಬಾರದೆಂಬ ಆಜ್ಞೆ ಹೊರಟಿತು, ಲೂಟಿಕೋರರಿಗೆ ಗಲ್ಲುಗಂಬಗಳು ಎದ್ದವು. ನಗರದ ವಾರಪತ್ರಿಕೆ ಒಂದು ವಾರವೂ ತಪ್ಪದೆ ಹೊರಬಂತು. ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಲಕ್ಷ ಪೌಂಡುಗಳ ನೆರವು ಮಂಜೂರು ಮಾಡಿತು.

ಶವಗಳ ವಿಚಾರ ಮಾತ್ರ ಮನಸ್ಸನ್ನು ಕಲಕುತ್ತದೆ. ಸಾಂಕ್ರಾಮಿಕ ಹರಡೀತೆಂಬ ಭಯದಿಂದ ಮಂತ್ರಿಯು ಲಿಸ್ಬನ್ನಿನ ಧರ್ಮಾಧ್ಯಕ್ಷರ ಸಮ್ಮತಿ ಪಡೆದು, ಹೆಣಗಳನ್ನು ದೋಣಿಗಳಲ್ಲಿ ತುಂಬಿ ನದೀಮುಖದಾಚೆ ಸಮುದ್ರದಲ್ಲಿ ಮುಳುಗಿಸಿದನು. ಅಂದಿನ ವೈದ್ಯಜ್ಞಾನಕ್ಕೆ ಅದೇ ವಿವೇಕ. ಗಾಯಗಳಿಂದ ಸತ್ತವರ ದೇಹಗಳಿಂದ ಪಿಡುಗು ಹಬ್ಬುವುದು ಬಹಳ ಅಪರೂಪವೆಂದು ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪಾಯವಿರುವುದು ಬದುಕಿದವರ ಕುಡಿಯುವ ನೀರಿನಲ್ಲಿ, ಶೌಚದ ಅವ್ಯವಸ್ಥೆಯಲ್ಲಿ. 2004ರಲ್ಲಿ ಕೋರಮಂಡಲ ತೀರದಲ್ಲೂ ಅವಸರವಸರವಾಗಿ ಸಾಮೂಹಿಕ ಗುಂಡಿಗಳು ತೋಡಲ್ಪಟ್ಟವು. ಗುರುತು ಹಿಡಿಯುವ ಮೊದಲೇ ಮಣ್ಣಾದವರ ಮನೆಯವರಿಗೆ ನವೆಂಬರ್ 2ರಂದು ಹೂವಿಟ್ಟು ಬತ್ತಿ ಹಚ್ಚಲು ಒಂದು ಸಮಾಧಿ ಇರುವುದಿಲ್ಲ. ಒಂದು ಭಾವಚಿತ್ರ, ಬಟ್ಟೆಯ ಒಂದು ಗುರುತು, ಸಿಕ್ಕ ಜಾಗದ ಒಂದು ಟಿಪ್ಪಣಿ: ಇಷ್ಟನ್ನು ಉಳಿಸಿಕೊಂಡು ಹೂಳಲು ಒಂದೆರಡು ದಿನ ತಡವಾದರೆ ಊರಿಗೆ ಕೇಡಾಗುವುದಿಲ್ಲ.

ಕಂಪನ ನಿಂತ ಮೇಲಿನ ಇನ್ನೊಂದು ಸಂಗತಿಯನ್ನು ಎತ್ತಿದವನು ರೂಸೋ. ಲಿಸ್ಬನ್ ದುರಂತವನ್ನು ಕುರಿತು ವೋಲ್ಟೇರ್ ಕವನ ಬರೆದು ಲೋಕದ ಒಳಿತನ್ನೇ ಪ್ರಶ್ನಿಸಿದಾಗ, ರೂಸೋ 1756ರಲ್ಲಿ ಅವನಿಗೆ ದೀರ್ಘವಾದ ಪತ್ರ ಬರೆದನು. ಆರೇಳು ಅಂತಸ್ತುಗಳ ಸಾವಿರಾರು ಮನೆಗಳನ್ನು ಒಂದೆಡೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂಬುದು ಅವನ ಒಂದು ವಾದ. ಬಟ್ಟೆಗಾಗಿ ಒಬ್ಬ, ಕಾಗದಪತ್ರಕ್ಕಾಗಿ ಇನ್ನೊಬ್ಬ, ಹಣಕ್ಕಾಗಿ ಮತ್ತೊಬ್ಬ ಹಿಂತಿರುಗಿ ಎಷ್ಟು ಮಂದಿ ಸತ್ತರೋ ಎಂಬುದು ಎರಡನೆಯದು. ಇಬ್ಬರು ತತ್ವಜ್ಞಾನಿಗಳ ಜಗಳದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಈ ಅಡುಗೆಮನೆಯ ವಿವೇಕವೇ. ಮುಖ್ಯ ಆಘಾತದ ನಂತರ ಮರುಕಂಪನಗಳು ಬಂದೇ ಬರುತ್ತವೆ. ಅರೆಬಿರಿದ ಗೋಡೆ ಎರಡನೆಯ ತಳ್ಳಿಗೆ ಕಾದಿರುತ್ತದೆ.

ಇದನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯಕ್ಕಿಂತ ದಾರುಣವಾಗಿ ತೋರಿಸಿದ ಉದಾಹರಣೆ ಇರಲಾರದು. 1997ರ ಸೆಪ್ಟೆಂಬರ್ 26ರ ನಡುರಾತ್ರಿ ಕಳೆದು ಎರಡೂವರೆಯ ಹೊತ್ತಿಗೆ ಇಟಲಿಯ ಆ ಭಾಗ ನಡುಗಿತು. ದೇವಾಲಯಕ್ಕೆ ಆದ ಹಾನಿ ನೋಡಲೆಂದು ಬೆಳಿಗ್ಗೆ ಗುರುಸಭೆಯವರೂ ತಜ್ಞರೂ ಒಳಹೊಕ್ಕರು. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಎರಡನೆಯ ಕಂಪನ. ಚಿತ್ರಗಳಿಂದ ತುಂಬಿದ್ದ ಕಮಾನು ಕಳಚಿಬಿದ್ದು ಇಬ್ಬರು ಫ್ರಾನ್ಸಿಸ್ಕನ್ನರೂ ಇಬ್ಬರು ತಜ್ಞರೂ ಅಲ್ಲಿಯೇ ಮಡಿದರು. ಎರಡನೆಯದು ಮೊದಲನೆಯದಕ್ಕಿಂತ ಬಲವಾಗಿತ್ತು. ನಿತ್ಯ ಪರಿಚಯದ ಕಟ್ಟಡದ ಬಗ್ಗೆ ನಮಗಿರುವ ವಿಶ್ವಾಸ ದೊಡ್ಡದು. ಬಿರುಕು ಬಿಟ್ಟ ದೇವಾಲಯದೊಳಗೆ ಪರಮಪ್ರಸಾದದ ಪೆಟ್ಟಿಗೆಯನ್ನೋ ಸ್ವರೂಪವನ್ನೋ ಹೊರತರಲು ಯಾರಾದರೂ ನುಗ್ಗುವುದು ಸಹಜ. ತಡೆಯಬೇಕಾದ ಕೆಲಸ ಹಿರಿಯರದು. ಮನೆಗಳಲ್ಲಾದರೆ ಮೊದಲು ಕಾಲಿಗೆ ಚಪ್ಪಲಿ, ಏಕೆಂದರೆ ನೆಲದ ತುಂಬ ಗಾಜು. ಗ್ಯಾಸ್ ಸಿಲಿಂಡರಿನ ತಿರುಪನ್ನೂ ವಿದ್ಯುತ್ತಿನ ಮೇನ್ ಸ್ವಿಚ್ಚನ್ನೂ ಆರಿಸಬೇಕು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚನ್ನೂ ಮುಟ್ಟದೆ ಬೆಂಕಿಕಡ್ಡಿಯನ್ನೂ ಗೀರದೆ ಹೊರಗೆ ಹೋಗಬೇಕು. ದೀಪ ಹೋಯಿತೆಂದು ಮೇಣದ ಬತ್ತಿ ಹಚ್ಚಬಾರದು. ಲಿಸ್ಬನ್ನನ್ನು ಸುಟ್ಟದ್ದು ದೊಡ್ಡ ಬೆಂಕಿಯಲ್ಲ, ಇಂಥ ಸಣ್ಣ ಉರಿಗಳೇ.

ಭೂಕಂಪದ ಮುನ್ನ ಮಾಡಬೇಕಾದ ಕೆಲಸವನ್ನು ಲಿಸ್ಬನ್ನಿನವರು ಭೂಕಂಪದ ನಂತರ ಮಾಡಿದರು. ಹೆಚ್ಚಿನ ಊರುಗಳ ಕತೆಯೂ ಹೀಗೆಯೇ. ಮುಖ್ಯ ಎಂಜಿನಿಯರ್ ಮಾನುಯೆಲ್ ದ ಮಾಯಾ ಆಗ ಎಪ್ಪತ್ತೆಂಟರ ಮುದುಕ. ರಾಜ್ಯದ ದಫ್ತರಖಾನೆಯ ಪಾಲಕನೂ ಆಗಿದ್ದ ಅವನು ಕುಸಿದ ಬುರುಜಿನ ಅವಶೇಷಗಳಿಂದ ಪುರಾತನ ಕಾಗದಪತ್ರಗಳನ್ನು ಹೊರತೆಗೆಸಿದನು. ಆಮೇಲೆ ತನ್ನ ಸಹಾಯಕರೊಡನೆ ಕುಳಿತು ನಗರದ ತಗ್ಗುಪ್ರದೇಶವನ್ನು ಹೊಸದಾಗಿ ಯೋಜಿಸಿದನು: ನೇರವಾದ ಅಗಲ ಬೀದಿಗಳು, ಎತ್ತರಕ್ಕೆ ಮಿತಿ, ಮನೆಮನೆಗಳ ನಡುವೆ ಛಾವಣಿಯನ್ನು ಮೀರಿ ಏರುವ ಬೆಂಕಿತಡೆ ಗೋಡೆ. ಮೆತ್ತನೆಯ ನದೀಮಣ್ಣಿನ ಮೇಲೆ ಕಂಪನ ಹೆಚ್ಚುತ್ತದೆಯಾದ್ದರಿಂದ ಅಡಿಯಲ್ಲಿ ಮರದ ಗೂಟಗಳು. ಎಲ್ಲಕ್ಕಿಂತ ಮಿಗಿಲಾಗಿ 'ಗಯೋಲ', ಅಂದರೆ ಪಂಜರ. ಕಲ್ಲುಗೋಡೆಯ ಒಳಗೆ ಮರದ ಚೌಕಟ್ಟು. ಅದರ ಚೌಕಗಳಲ್ಲಿ ಕರ್ಣರೇಖೆಯಂತೆ ಪರಸ್ಪರ ಹಾಯುವ ತುಂಡುಗಳು. ಸಂತ ಅಂದ್ರೇಯರ ಶಿಲುಬೆಯ ಆಕಾರವೆಂದು ಬಡಗಿಗಳು ಅದನ್ನು ಕರೆದರು. ಗೋಡೆಯ ಕಲ್ಲು ಸಡಿಲವಾದರೂ ಪಂಜರ ಬಾಗಿ ಬಳುಕಿ ಅಂತಸ್ತುಗಳನ್ನು ಹಿಡಿದುನಿಲ್ಲಿಸಬೇಕು ಎಂಬುದು ತತ್ವ. ಒಂದು ಮಾದರಿಯನ್ನು ಚೌಕದಲ್ಲಿ ನಿಲ್ಲಿಸಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ, ನೆಲ ಅದುರಿಸಿ ಪರೀಕ್ಷಿಸಿದರೆಂದು ಪ್ರತೀತಿ. ಭೂಕಂಪವನ್ನು ಎದುರಿಟ್ಟುಕೊಂಡು ಒಂದು ಇಡೀ ನಗರಭಾಗ ಕಟ್ಟಲ್ಪಟ್ಟದ್ದು ಯೂರೋಪಿನಲ್ಲಿ ಅದು ಮೊದಲ ಸಲವೆನ್ನಬಹುದು. ಮುಂದಿನ ತಲೆಮಾರುಗಳು ಅದೇ ಕಟ್ಟಡಗಳ ಮೇಲೆ ಇನ್ನಷ್ಟು ಅಂತಸ್ತು ಏರಿಸಿದವು, ಅಂಗಡಿಗೆ ಜಾಗವಾಗಲೆಂದು ಪಂಜರದ ಕಂಬಗಳನ್ನು ಕಡಿದವು. ತಳಪಾಯ ಹಳೆಯದು, ಮಹಡಿ ಹೊಸದು ಎಂಬ ಮನೆಗಳು ನಮ್ಮ ಬೀದಿಗಳಲ್ಲೂ ಕಡಿಮೆಯಿಲ್ಲ.

ಪಂಜರವಿಲ್ಲದ ಗೋಡೆ ಏನು ಮಾಡುತ್ತದೆಂಬುದನ್ನು ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಜನ ಗಡಿಯ ಪಕ್ಕದಲ್ಲಿಯೇ ಕಂಡರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ದಣಿದು ಮಲಗಿದ್ದ ಕಿಲ್ಲಾರಿ ಮತ್ತು ಸುತ್ತಣ ಹಳ್ಳಿಗಳ ಜನರ ಮೇಲೆ ಅವರ ಮನೆಗಳೇ ಮುಗುಚಿಬಿದ್ದವು. ಸತ್ತವರು ಎಂಟರಿಂದ ಹತ್ತು ಸಾವಿರ. ಲಿಸ್ಬನ್ನಿನ ಮುಂದೆ ಆ ಕಂಪನ ಅತಿ ಸಣ್ಣದು, ಪ್ರಮಾಣ 6.2 ಮಾತ್ರ. ಅಂದಿನ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ಅಳಿಸಿಹಾಕಲಾಯಿತು. ಕರ್ನಾಟಕವು ಎರಡು ಮತ್ತು ಮೂರನೆಯ ವಲಯಗಳಲ್ಲಿ ಸೇರಿತು. ದಖ್ಖನ್ನಿನ ಗಟ್ಟಿ ಕಲ್ಲು ನಡುಗದೆಂಬ ಹಳೆಯ ಧೈರ್ಯ ಅಂದಿಗೆ ಮುಗಿಯಿತೆನ್ನಬೇಕು.

ಕಿಲ್ಲಾರಿಯ ಗೋಡೆಗಳು ಎರಡು ಅಡಿಗೂ ಹೆಚ್ಚು ದಪ್ಪವಿದ್ದವು. ದಪ್ಪ ಗೋಡೆ ಗಟ್ಟಿ ಗೋಡೆಯೆಂಬ ನಂಬಿಕೆ ನಮ್ಮಲ್ಲೂ ಇದೆ. ಒಳಮೈಯ ಕಲ್ಲಿಗೂ ಹೊರಮೈಯ ಕಲ್ಲಿಗೂ ಸಂಬಂಧವಿಲ್ಲದ ಗೋಡೆ ನಡುಕಕ್ಕೆ ಎರಡು ಹೋಳಾಗಿ ಸೀಳುತ್ತದೆ. ಗೋಡೆಯ ದಪ್ಪಕ್ಕೂ ಹಾಯುವಂಥ ಉದ್ದ ಕಲ್ಲನ್ನು ಅಲ್ಲಲ್ಲಿ ಇಟ್ಟರೆ, ಮೂಲೆಗಳನ್ನು ಬಿಗಿದರೆ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಎಲ್ಲ ಗೋಡೆಗಳನ್ನೂ ಕಟ್ಟುವಂತೆ ಕಬ್ಬಿಣದ ಸರಳಿಟ್ಟ ಕಾಂಕ್ರೀಟಿನ ಪಟ್ಟಿಯೊಂದನ್ನು ಹಾಯಿಸಿದರೆ, ಅದೇ ಕಲ್ಲಿನ ಮನೆ ನಿಲ್ಲುತ್ತದೆ. ಇದಕ್ಕೆ ತಗಲುವ ಖರ್ಚು ನೆಲಕ್ಕೆ ಹಾಕುವ ಟೈಲ್ಸಿನ ಖರ್ಚಿಗಿಂತ ದೊಡ್ಡದೇನಲ್ಲ, ಕಣ್ಣಿಗೆ ಕಾಣುವುದಿಲ್ಲವಷ್ಟೆ. ಇರುವ ಮನೆಯಲ್ಲಾದರೆ ಬೀರುಗಳನ್ನು ಗೋಡೆಗೆ ಬಿಗಿಯುವುದು, ಅಟ್ಟದ ಹಿತ್ತಾಳೆ ಹಂಡೆಗಳನ್ನು ಕೆಳಗಿಳಿಸುವುದು, ಮಂಚದ ತಲೆಯ ಮೇಲೆ ಭಾರವಾದ ಚಿತ್ರಪಟ ತೂಗುಹಾಕದಿರುವುದು ಒಂದು ಮಧ್ಯಾಹ್ನದ ಕೆಲಸ.

ಲಿಸ್ಬನ್ ದುರಂತಕ್ಕೆ ಧರ್ಮಸಭೆಯೊಳಗಿಂದ ಎರಡು ಬಗೆಯ ಉತ್ತರ ಬಂದಿತು. ಒಂದು, ಯೇಸುಸಭೆಯ ಗುರು ಗಬ್ರಿಯೇಲ್ ಮಲಗ್ರಿದಾ ಅವರದು. ಬ್ರೆಜಿಲಿನ ಕಾಡುಗಳಲ್ಲಿ ದಶಕಗಟ್ಟಲೆ ದುಡಿದು ಬಂದ ವೃದ್ಧ ತಪಸ್ವಿ. ಭೂಕಂಪಕ್ಕೆ ಕಾರಣ ಆವಿಯೂ ಅಲ್ಲ, ನಿಸರ್ಗವೂ ಅಲ್ಲ, ನಗರದ ಪಾಪ ಎಂದು 1756ರಲ್ಲಿ ಒಂದು ಕಿರುಹೊತ್ತಗೆ ಪ್ರಕಟಿಸಿದರು. ಗುಡಿಸಲು ಕಟ್ಟುವುದರಲ್ಲಿ ಮುಳುಗುವುದಕ್ಕಿಂತ ಧ್ಯಾನಕೂಟದಲ್ಲಿ ಕುಳಿತು ಪಶ್ಚಾತ್ತಾಪ ಪಡುವುದು ಮುಖ್ಯವೆಂದರು. ಜನರನ್ನು ಮನೆ ಕಟ್ಟಲು ಹುರಿದುಂಬಿಸುತ್ತಿದ್ದ ಪೊಂಬಾಲನಿಗೆ ಇದು ಸಹನೆಯಾಗಲಿಲ್ಲ. ಗಡೀಪಾರಾದ ಮಲಗ್ರಿದಾ 1761ರಲ್ಲಿ ಮರಣದಂಡನೆಗೆ ಗುರಿಯಾದರು. ಅವರ ಬೋಧನೆಯನ್ನು ಒಪ್ಪದವರೂ ಆ ದಂಡನೆಯನ್ನು ಸಮರ್ಥಿಸಲಾರರು. ಪೊಂಬಾಲನ ಕೈ ನಮ್ಮ ನಾಡಿನವರೆಗೂ ಚಾಚಿತು: 1759ರಲ್ಲಿ ಯೇಸುಸಭೆಯನ್ನು ಪೋರ್ಚುಗಲ್ಲಿನ ಸೀಮೆಗಳಿಂದ ಹೊರಹಾಕಿದಾಗ, ಗೋವೆಯನ್ನು ಆಶ್ರಯಿಸಿದ್ದ ಮೈಸೂರು ಮಿಷನ್ನಿಗೆ ಗುರುಗಳ ಕೊರತೆ ಬಿತ್ತು. ಲಿಯೊನಾರ್ಡೊ ಚಿನ್ನಮಿಯವರು ಒಂದು ಶತಮಾನದ ಹಿಂದೆ ಆರಂಭಿಸಿದ್ದ ಆ ಕೆಲಸ ಮುಂದೆ ಪ್ಯಾರಿಸ್ ಮಿಷನ್ನಿನವರ ಕೈಸೇರಿತು.

ಮಲಗ್ರಿದಾ ಎತ್ತಿದ ಪ್ರಶ್ನೆಗೆ ಶುಭಸಂದೇಶದಲ್ಲಿ ಉತ್ತರವಿತ್ತು. ಲೂಕನು ಬರೆದ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ, ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿಯ ಮಾತು ಬರುತ್ತದೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಎಣಿಸುವಿರೇನು ಎಂದು ಪ್ರಭು ಕೇಳುತ್ತಾರೆ. ಹಾಗಲ್ಲವೆಂದು ತಾವೇ ಹೇಳುತ್ತಾರೆ. ಪಶ್ಚಾತ್ತಾಪದ ಕರೆ ಅಲ್ಲಿಯೂ ಇದೆ, ಆದರೆ ಅದು ಬದುಕಿರುವವರಿಗೆ. ಸತ್ತವರ ಮೇಲೆ ತೀರ್ಪಿಲ್ಲ.

ಎರಡನೆಯ ಉತ್ತರ ಸದ್ದಿಲ್ಲದ್ದು. 1756ರ ಜನವರಿಯಲ್ಲಿ ರಾಜ್ಯದ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಹದಿಮೂರು ಪ್ರಶ್ನೆಗಳ ಒಂದು ಪಟ್ಟಿ ಹೋಯಿತು. ಕಂಪನ ಯಾವ ಗಂಟೆಗೆ ಆರಂಭವಾಯಿತು, ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಹೆಚ್ಚು ಬಂದಂತೆ ತೋರಿತು? ಎಷ್ಟು ಮನೆಗಳು ಬಿದ್ದವು, ಎಷ್ಟು ಜನ ಸತ್ತರು? ಸಮುದ್ರ ಮೊದಲು ಏರಿತೇ, ಇಳಿಯಿತೇ? ನೆಲ ಬಿರಿಯಿತೇ, ಅದರಿಂದ ಏನಾದರೂ ಹೊರಬಂತೇ? ಬೆಂಕಿ ಬಿತ್ತೇ? ಆಹಾರಕ್ಕೆ ಕೊರತೆಯಾಯಿತೇ? ಪಾಪವೆಷ್ಟಿತ್ತೆಂದು ಕೇಳಿರಲಿಲ್ಲ. ಹಳ್ಳಿಯ ಗುರುಗಳು ತಮ್ಮ ಸತ್ತವರ ದಾಖಲೆಪುಸ್ತಕಗಳನ್ನು ತೆರೆದು, ವೃದ್ಧರನ್ನು, ಬೆಸ್ತರನ್ನು ವಿಚಾರಿಸಿ ಉತ್ತರ ಬರೆದರು. ಕೆಲವರದು ನಾಲ್ಕು ಸಾಲು, ಕೆಲವರದು ಪುಟಗಟ್ಟಲೆ. ಭೂಕಂಪವನ್ನು ಊರೂರಿಗೆ ಹೋಗಿ ಅಳೆಯುವ ಶಾಸ್ತ್ರಕ್ಕೆ ಅದು ನಾಂದಿಯಾಯಿತು. 1758ರಲ್ಲಿ ಇನ್ನೊಂದು ಸಮೀಕ್ಷೆ ನಡೆದಾಗಲೂ, 1755ರ ಹಾನಿ ಎಷ್ಟು ದುರಸ್ತಿಯಾಗಿದೆಯೆಂಬ ಪ್ರಶ್ನೆಯನ್ನು ಸೇರಿಸಿದರು.

ಆ ಕಾಗದಗಳು ಇಂದು ಲಿಸ್ಬನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಮುದುಕ ಮಾಯಾ ಅವಶೇಷಗಳಡಿಯಿಂದ ಉಳಿಸಿದ್ದು ಇದೇ ದಫ್ತರಖಾನೆಯನ್ನು. ಸಾಗರದ ತಳದಲ್ಲಿ ಆ ಕಂಪನ ಹುಟ್ಟಿದ ಬಿರುಕು ಯಾವುದೆಂಬ ವಾದ ಇನ್ನೂ ಇತ್ಯರ್ಥವಾಗಿಲ್ಲ. ಯಾವ ಊರಿನಲ್ಲಿ ಎಷ್ಟು ಬಲವಾಗಿ ನಡುಗಿತು, ಅಲೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ತಿಳಿಯಬೇಕಾದಾಗ ವಿಜ್ಞಾನಿಗಳು ಗಣಕಯಂತ್ರದ ಲೆಕ್ಕದ ಪಕ್ಕದಲ್ಲಿ ಆ ಹಳ್ಳಿಯ ಗುರುಗಳ ಬರಹವನ್ನಿಟ್ಟುಕೊಂಡು ಓದುತ್ತಾರೆ.